ಪದ ಬೇಕಿತ್ತು: ಜೇಬಿರೋ ರನ್ನಿಂಗ್ ಬ್ರಾ (ನಾಳೆ ಸಂಜೆ ಪ್ರಿಂಟಿಗೆ ಹೋಗ್ತಿದೆ)

ಎಲ್ಲರಿಗೂ ನಮಸ್ಕಾರ. ಜಯನಗರದಲ್ಲಿ ಹೆಂಗಸರ ಓಟದ ಬಟ್ಟೆ ಮಾರೋ ಒಂದು ಚಿಕ್ಕ ಅಂಗಡಿಗೆ ಒಳಗಿನ ಬೋರ್ಡು, ಮತ್ತೆ ಬಟ್ಟೆಗೆ ನೇತುಹಾಕೋ ಕಾರ್ಡು, ಎರಡನ್ನೂ ಕನ್ನಡಕ್ಕೆ ಮಾಡಿಕೊಡ್ತಿದೀನಿ. ನಾಮಫಲಕದಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಆದಮೇಲೆ ಹೊರಗಿನ ಬೋರ್ಡೇನೋ ಬದಲಾಯ್ತು, ಆದ್ರೆ ಎಷ್ಟೋ ಅಂಗಡಿಗಳಲ್ಲಿ ಒಳಗೆ ಕಾಲಿಟ್ರೆ ಒಂದಕ್ಷರ ಕನ್ನಡ ಕಾಣಲ್ಲ. ಇವರು ಒಳಗಿನದ್ದೂ ಬೇಕು ಅಂತ ತಾವಾಗೇ ಕೇಳಿದಾರೆ, ಅದಕ್ಕೇ ಇದನ್ನ ಚೆನ್ನಾಗಿ ಮಾಡಿಕೊಡಬೇಕು ಅಂತ ನನಗೆ ಆಸೆ.

ಸಾಮಾನು ಏನಂದ್ರೆ, ಓಡುವಾಗ ಹಾಕ್ಕೊಳೋ ಸ್ಪೋರ್ಟ್ಸ್ ಬ್ರಾ, ಅದರಲ್ಲೇ ಜೇಬು. ಫೋನಿಗೆ ದೊಡ್ಡ ಜೇಬು ಬೆನ್ನಲ್ಲಿ, ಎರಡು ಹೆಗಲಿನ ನಡುವೆ ಬರುತ್ತೆ. ಕೀ, ಮೆಟ್ರೋ ಕಾರ್ಡು, ಓಡುವಾಗ ಶಕ್ತಿಗೆ ತಿನ್ನೋ ಜೆಲ್ ಪ್ಯಾಕೆಟ್ಟಿಗೆ ಸಣ್ಣದು ಮುಂದೆ ಎದೆ ನಡುವೆ, ಕೆಲವದರಲ್ಲಿ ಪಕ್ಕದಲ್ಲೂ ಇರುತ್ತೆ. ಕಬ್ಬನ್ ಪಾರ್ಕಲ್ಲಿ ಬೆಳಿಗ್ಗೆ ಓಡೋ ಹೆಂಗಸರು ಫೋನ್ ಕೈಯಲ್ಲೇ ಹಿಡ್ಕೊಂಡು ಓಡೋದು ನೋಡಿದೀರಲ್ಲ, ಇಡಕ್ಕೆ ಜಾಗ ಇಲ್ಲ, ಬಿಟ್ಟು ಬರಕ್ಕೆ ಧೈರ್ಯ ಇಲ್ಲ, ಅದಕ್ಕೆ ಇದು.

ಬೇಕಾಗಿರೋದು: ಇಡೀ ಸಾಮಾನಿಗೆ ಒಂದು ಹೆಸರು. ಬೆನ್ನಿನ ಜೇಬಿಗೆ ಒಂದು. ಆಮೇಲೆ ಎರಡು ಬಗೆ ಇದೆಯಲ್ಲ, ಎರಡೂ ಮೊಲೆಗಳನ್ನ ಸೇರಿಸಿ ಎದೆಗೆ ಒತ್ತಿ ಹಿಡಿಯೋದು ಒಂದು, ಬಟ್ಟಲಿನಂಥ ಬೇರೆಬೇರೆ ಕಪ್ಪಲ್ಲಿ ಹಿಡಿಯೋದು ಇನ್ನೊಂದು, ಅವಕ್ಕೆ. ಓಡುವಾಗ ಆಗೋ ಅಲುಗಾಟಕ್ಕೆ ಅಸಹ್ಯ ಅನ್ನಿಸದ ಒಂದು ಮಾತು. ಬೇಗ ಹೇಳಿ ಪ್ಲೀಸ್.

———
ಉತ್ತರ, ಬಸವನಗುಡಿಯಿಂದ

ಬ್ರಾ ಕನ್ನಡ ಅಲ್ಲ. ಎದೆಗಟ್ಟು ಅನ್ನಿ. ಎದೆ, ಕಟ್ಟು, ಆದೇಶ ಸಂಧಿ, ಮಳೆಗಾಲದ ಹಾಗೆ. ಎದೆಕಟ್ಟು ಅಂತ ದಯವಿಟ್ಟು ಬರೀಬೇಡಿ. ಓಟಕ್ಕೆ ಆದ್ರೆ ಓಟದ ಎದೆಗಟ್ಟು. ಜೇಬೂ ಹೊರಗಿನದು, ಅದರ ಜಾಗಕ್ಕೆ ಚೀಲ. ಚೀಲದ ಎದೆಗಟ್ಟು. ಮುಗೀತು.

———
ಉತ್ತರ, ಮಲ್ಲೇಶ್ವರದಿಂದ

ಎದೆಗಟ್ಟು ಕೇಳಿದ್ರೆ ಜನಕ್ಕೆ ಕಫ ನೆನಪಾಗುತ್ತೆ. ಎದೆ ಕಟ್ಟಿದೆ ಅಂತ ಡಾಕ್ಟರ ಹತ್ರ ಹೋಗ್ತೀವಿ, ಅಂಗಡಿಗಲ್ಲ. ಹಳೇ ಪದ ಕಣ್ಣೆದುರಿಗೇ ಇರುವಾಗ ಹೊಸದು ಯಾಕೆ ಹೊಸೀತೀರಿ? ಕುಪ್ಪಸ ಇದೆ. ಓಟಗುಪ್ಪಸ ಅನ್ನಿ, ನಿಮ್ಮ ಆದೇಶ ಸಂಧಿಯೂ ಆಯ್ತು. ಇಲ್ಲಾಂದ್ರೆ ಕ್ರೀಡಾಕಂಚುಕ. ಎರಡೂ ಕಿವಿಗೆ ಹಿತವಾಗಿದೆ, ಸಭ್ಯವಾಗಿದೆ.

———
ಉತ್ತರ, ಬಸವನಗುಡಿಯಿಂದ

ಕುಪ್ಪಸ ಸಂಸ್ಕೃತದ ಕೂರ್ಪಾಸದ ತದ್ಭವ. ಕಂಚುಕ ಅಂತೂ ನೇರ ಸಂಸ್ಕೃತ, ಹಾವಿನ ಪೊರೆಗೂ ಅದೇ ಮಾತು. ಬೇಡ.

———
ಉತ್ತರ, ವಿಜಯನಗರದಿಂದ

ನಾ ಧಾರವಾಡದಾಕಿ, ಇಲ್ಲಿಗೆ ಬಂದು ಭಾಳ ವರ್ಷ ಆತು, ಆದ್ರೂ ಈ ಚರ್ಚಾ ಓದಿ ಸುಮ್ನ ಕೂಡಾಕ ಆಗಲಿಲ್ಲ. ಕುಪ್ಪಸ ಅಂತೀರಿ, ನಮ್ಮ ಕಡೆ ಅದು ಕುಬಸ, ಕುಬಸ ಅಂದ್ರ ಸೀರಿ ಮ್ಯಾಲಿನ ಬ್ಲೌಸು, ಕುಬಸ ಮಾಡೂದು ಅಂದ್ರ ಬಸುರಿ ಹೆಂಗಸಿಗೆ ಮಾಡೂ ಕಾರ್ಯ. ಓಟದ ಕುಬಸ ಅಂತ ಬೋರ್ಡ್ ಹಾಕಿದ್ರ ನಮ್ಮ ಅತ್ತಿ ಏನ್ ತಿಳ್ಕೋಬೇಕ್ರಿ? ಒಳಗ ಹಾಕ್ಕೊಳೂದಕ್ಕ ಹೊರಗ ಹಾಕ್ಕೊಳೂದರ ಹೆಸರು ಯಾಕ? ಹಿಂದಿನ ಹೆಂಗಸರು ಬಾಡಿ ಅಂತಿದ್ರು, ಈಗಿನವರು ಬ್ರಾ ಅಂತಾರ, ಅಷ್ಟ.

ಜೇಬಿಗೆ ಮಾತ್ರ ಕಿಸೆ ಅನ್ರಿ. ಕಿಸೆ ಅಂದ್ರ ಬಟ್ಟಿಗೆ ಹೊಲಿದದ್ದು ಅಂತ ತಟ್ಟನೆ ತಿಳೀತದ, ಚೀಲ ಅಂದ್ರ ಕೈಯಾಗ ಹಿಡಿಯೂದು.

———
ಉತ್ತರ, ರಾಜಾಜಿನಗರದಿಂದ

ಜೇಬಿನ ವಿಷಯ ಬಂತಲ್ಲ, ಇದನ್ನ ಹೇಳದೆ ಬಿಡಕ್ಕಾಗಲ್ಲ. ಜೇಬು ಬಂದಿರೋದು ಅರಬ್ಬಿಯ ಜೈಬ್ ಅನ್ನೋ ಮಾತಿಂದ, ಪಾರಸಿ, ಹಿಂದೂಸ್ತಾನಿ ದಾಟಿ ನಮಗೆ ಸಿಕ್ಕಿದೆ, ಮೈಸೂರು ಕಡೆ ಆಡುಮಾತಲ್ಲಿ ಜೋಬು. ಅರಬ್ಬಿಯಲ್ಲಿ ಜೈಬ್ ಅಂದ್ರೆ ಮೊದಲು ಪ್ಯಾಂಟಿನ ಜೇಬಲ್ಲ, ಅಂಗಿಯ ಕತ್ತಿನ ಹತ್ರ ಎದೆ ಮೇಲೆ ಬಿಟ್ಟಿರೋ ಸೀಳು, ಎದೆಯ ಮಡಿಕೆ. ನಮ್ಮ ಗಣಿತದವರ ಜ್ಯಾ, ಜೀವಾ (ಬಿಲ್ಲಿನ ಹೆದೆ ಅಂತ ಅರ್ಥ) ಅರಬ್ಬಿಗೆ ಹೋಗಿ ಜೀಬ ಆಯ್ತು, ಅರಬ್ಬಿಯಲ್ಲಿ ಹ್ರಸ್ವ ಸ್ವರ ಬರೆಯಲ್ಲ, ಹಂಗಾಗಿ ಅದನ್ನ ಜೈಬ್ ಅಂತ ಓದಿದ್ರು, ಅದನ್ನ ಲ್ಯಾಟಿನ್ನಿಗೆ ಮಾಡಿದವರು ಎದೆಯ ಮಡಿಕೆ ಅನ್ನೋ ಅರ್ಥದ ಸೈನಸ್ ಅಂತ ಹಾಕಿದ್ರು, ಇವತ್ತು ಹೈಸ್ಕೂಲಲ್ಲಿ ಮಕ್ಕಳು ಕಲಿಯೋ ತ್ರಿಕೋನಮಿತಿಯ ಸೈನ್ ಅದೇ. ಅಂದ್ರೆ ಎದೆ ಹತ್ರ ಇರೋ ಜೇಬಿಗೆ ಜೇಬು ಅನ್ನೋಷ್ಟು ಸರಿಯಾದ ಮಾತು ಇನ್ನೊಂದಿಲ್ಲ, ಹುಟ್ಟಿದ ಜಾಗಕ್ಕೇ ವಾಪಸ್ ಬಂದಿದೆ. ಕಿಸೆಯೂ ಕನ್ನಡದ್ದಲ್ಲ, ಅದೂ ಆ ಕಡೆಯದೇ, ಮರಾಠಿಯಲ್ಲಿ ಖಿಸಾ. ಹೊರಗಿನದು ಅಂತ ಒಂದನ್ನ ಓಡಿಸಿ ಇನ್ನೊಂದನ್ನ ಕೂರಿಸೋದ್ರಲ್ಲಿ ಅರ್ಥ ಇಲ್ಲ.

———
ಉತ್ತರ, ಬಸವನಗುಡಿಯಿಂದ

ವ್ಯುತ್ಪತ್ತಿ ಗೊತ್ತು. ಅದಕ್ಕೇ ಎರಡೂ ಬೇಡ ಅಂದಿದ್ದು. ಉಡಿ ಇದೆ, ಮಡಿಲು ಇದೆ, ಸಂಚಿ ಇದೆ. ನಮ್ಮ ಹೆಂಗಸರು ಸೀರೆಯ ಉಡಿಯಲ್ಲೇ ಲೋಕದ ಸಾಮಾನು ಕಟ್ಟಿಕೊಂಡು ಹೊಲದಲ್ಲಿ ನಡೆದವರು. ಅವರ ಮಾತು ಬಿಟ್ಟು ಅರಬ್ಬಿಗೆ ಹೋಗೋ ಗತಿ ಕನ್ನಡಕ್ಕೆ ಬಂದಿಲ್ಲ. ಸಂಚಿ ಅನ್ನಿ.

———
ಉತ್ತರ, ಮೊದಲು ಕೇಳಿದವಳಿಂದ

ಸರ್, ಸಂಚಿ ನನಗೂ ಪ್ರೀತಿಯ ಮಾತೇ, ಎಲೆಅಡಿಕೆ ಸಂಚಿ ನೋಡಿ ಬೆಳೆದವಳು ನಾನು. ಆದ್ರೆ ಸಂಚಿ ಬಿಡಿಯಾಗಿ ಸೊಂಟಕ್ಕೆ ಸಿಕ್ಕಿಸ್ಕೊಳೋದು, ಇದು ಬಟ್ಟೆಯ ಭಾಗ. ಉಡಿ ಅಂತೂ ಸೊಂಟದ ಮುಂದೆ ಸೀರೆ ಮಡಿಕೆ ಮಾಡಿದ್ರೆ ಆಗೋದು, ಬೆನ್ನಿನ ಮೇಲೆ ಉಡಿ ಹೇಗೆ ಬರುತ್ತೆ? ಸಾಮಾನು ಎಲ್ಲಿದೆ, ಹೇಗೆ ಕೂತಿದೆ ಅನ್ನೋದನ್ನ ಬಿಟ್ಟು ಪದ ಆರಿಸಿದ್ರೆ ಕಾರ್ಡ್ ಓದಿದವಳು ಜೇಬನ್ನ ಮುಂದೆ ಹುಡುಕ್ತಾಳೆ.

ಇನ್ನೊಂದು, ಹೆಂಗಸರು ದುಡ್ಡನ್ನ ರವಿಕೆಯೊಳಗೆ ಇಟ್ಕೊಳೋದು ಹೊಸದೇನಲ್ಲ, ಕೆ.ಆರ್. ಮಾರ್ಕೆಟ್ಟಲ್ಲಿ ಹೂ ಮಾರೋ ಅಜ್ಜಿಯರ ಪುಟಾಣಿ ಪರ್ಸು ಇವತ್ತಿಗೂ ಅಲ್ಲೇ ಇರುತ್ತೆ. ಅವರ ಬಟ್ಟೆಗೆ ಜೇಬನ್ನ ಯಾರೂ ಹೊಲಿದು ಕೊಡಲಿಲ್ಲ, ಅಷ್ಟೇ.

———
ಉತ್ತರ, ಮಲ್ಲೇಶ್ವರದಿಂದ

ಹಾಗಾದ್ರೆ ಜೇಬು ಇರಲಿ. ಹೆಸರು "ಓಡುವ ಬ್ರಾ" ಅಂತ ಮಾತ್ರ ಹಾಕಬೇಡಿ, ಬ್ರಾನೇ ಓಡಿದ ಹಾಗಾಗುತ್ತೆ.

———
ಉತ್ತರ, ರಾಜಾಜಿನಗರದಿಂದ

ಮಲಗುವ ಕೋಣೆಯಲ್ಲಿ ಕೋಣೆ ಮಲಗುತ್ತಾ? ಕುಡಿಯುವ ನೀರು ಕುಡಿಯುತ್ತಾ? ಕೃದಂತದ ಈ ಬಳಕೆ ನೂರಾರು ವರ್ಷದ್ದು, ಅದನ್ನ ತಪ್ಪು ಅನ್ನಬೇಡಿ. ಓಟದ ಬ್ರಾ ಚಿಕ್ಕದು, ಬೋರ್ಡಿಗೆ ಒಗ್ಗುತ್ತೆ ಅಂದ್ರೆ ಒಪ್ತೀನಿ, ಕಾರಣ ಅದು ಮಾತ್ರ.

———
ಉತ್ತರ, ಪೀಣ್ಯದಿಂದ

ನಾನು ಈ ಗುಂಪಲ್ಲಿ ಸುಮ್ನೆ ಓದೋಳು. ಗಾರ್ಮೆಂಟ್ಸಲ್ಲಿ ಬಹಳ ವರ್ಷ ಲೈನಲ್ಲಿ ಕೂತು ಹೊಲಿದಿದೀನಿ, ಆಮೇಲೆ ಚೆಕಿಂಗಲ್ಲಿದ್ದೆ, ಒಳ ಉಡುಪೂ ಹೊಲಿದಿದೀನಿ. ಅಲ್ಲಿ ಸಾವಿರಾರು ಹೆಂಗಸರು, ಹಾಸನ, ಮಂಡ್ಯ, ತುಮಕೂರು, ರಾಯಚೂರಿಂದ ಬಂದವರು, ಎಲ್ಲರೂ ಕನ್ನಡದಲ್ಲೇ ಮಾತಾಡೋದು, ಅವರು ಹೇಳೋ ಮಾತು ಯಾರೂ ಇಲ್ಲಿ ಕೇಳಲಿಲ್ಲ ಅಂತ ಬರೀತಿದೀನಿ. ಬ್ರಾ. ಕಪ್ಪು. ಸ್ಟ್ರ್ಯಾಪು, ಇಲ್ಲಾಂದ್ರೆ ಹೆಗಲ ಪಟ್ಟಿ. ಕೆಳಗಡೆ ಸುತ್ತ ಬರೋದು ಬಾಟಮ್ ಎಲಾಸ್ಟಿಕ್, ಅದನ್ನ ಕೆಳಪಟ್ಟಿ ಅಂತ್ಲೂ ಅಂತೀವಿ. ಎದೆಗಟ್ಟು ಅಂತ ಸೂಪರ್‌ವೈಸರ್ ಕೂಗಿದ್ರೆ ಲೈನಲ್ಲಿ ಒಬ್ಬಳೂ ತಲೆ ಎತ್ತಲ್ಲ.

ಕೆಲಸಕ್ಕೆ ಬರೋದೂ ಒಂದಿಷ್ಟು ಹೇಳ್ತೀನಿ. ಬ್ರಾ ಹಿಡಿಯೋದು ಹೆಗಲ ಪಟ್ಟಿಯಿಂದ ಅಂತ ಎಲ್ಲರೂ ಅಂದ್ಕೊತಾರೆ, ನಿಜವಾಗ್ಲೂ ಭಾರ ಹೊರೋದು ಕೆಳಪಟ್ಟಿ. ಬೆನ್ನಿಗೆ ಫೋನ್ ಜೇಬು ಇಟ್ರೆ ಆ ಪಟ್ಟಿ ಇನ್ನೂ ಗಟ್ಟಿ ಇರಬೇಕು, ಈಗಿನ ಫೋನು 200 ಗ್ರಾಂ ಆಸುಪಾಸು ತೂಗುತ್ತೆ. ಜೇಬಿನ ಬಟ್ಟೆಗೆ ಎಳೆತ ಇರಬೇಕು, ಫೋನನ್ನ ಮೈಗೆ ಒತ್ತಿ ಹಿಡಿಯೋ ಹಾಗೆ, ಸಡಿಲ ಜೇಬಾದ್ರೆ ಬೆನ್ನಿಗೆ ಟಪಟಪ ಬಡಿಯುತ್ತೆ. ಮೈ ಕಡೆ ಬೆವರು ತಡೆಯೋ ಪದರ ಇದೆಯಾ ನೋಡಿ, ಇಲ್ಲಾಂದ್ರೆ ಫೋನ್ ಒದ್ದೆ. ಹೊಲಿಗೆ ಫ್ಲಾಟ್‌ಲಾಕ್ ಆಗಿರಬೇಕು, ಅಂದ್ರೆ ಅಂಚು ಚಪ್ಪಟೆಯಾಗಿ ಕೂರೋದು, ಓವರ್‌ಲಾಕ್ ಅಂಚು ಒಳಗಡೆ ದಪ್ಪಕ್ಕೆ ನಿಲ್ಲುತ್ತೆ, ಉದ್ದ ಓಡಿದ್ರೆ ಚರ್ಮ ಸುಲಿಯುತ್ತೆ. ಈ ಫ್ಲಾಟ್‌ಲಾಕಿಗೂ ಅಚ್ಚಗನ್ನಡ ಮಾಡ್ತೀವಿ ಅಂತ ಹೊರಟ್ರೆ ಮೊದಲು ಮಿಷಿನ್ ನೋಡ್ಕೊಂಡು ಬನ್ನಿ.

———
ಉತ್ತರ, ಬಸವನಗುಡಿಯಿಂದ

ಕಾರ್ಖಾನೆಯಲ್ಲಿ ಮಾಲೀಕರು ಕಲಿಸಿದ ಇಂಗ್ಲಿಷನ್ನ ಜನಭಾಷೆ ಅನ್ನೋದು ಸರಿಯಲ್ಲ. ಇವತ್ತು ಬ್ರಾ, ನಾಳೆ ಬ್ಯಾಂಡು, ನಾಳಿದ್ದು ಸಪೋರ್ಟು, ಆಮೇಲೆ ಕಾರ್ಡಲ್ಲಿ ಉಳಿಯೋ ಕನ್ನಡ "ಅನ್ನು", "ಇಂದ", "ಇದೆ" ಅಷ್ಟೇ. ಲಿಪಿ ಕನ್ನಡದ್ದಾದ್ರೆ ಮಾತು ಕನ್ನಡದ್ದಾಗಲ್ಲ. ಇಂಗ್ಲಿಷಿನವರು ತಮ್ಮ ಸಾಮಾನಿಗೆ ತಮ್ಮ ಪದ ಕಟ್ಟಿಕೊಂಡ್ರು, ನಾವು ಕಟ್ಟಬಾರದಾ?

———
ಉತ್ತರ, ಮೊದಲು ಕೇಳಿದವಳಿಂದ

ಅವರು ಕಟ್ಟಿಕೊಂಡಿದ್ದು ಹೇಗೆ ಅಂತ ನೋಡೋಣ ಸರ್. 1977ರಲ್ಲಿ ಅಮೆರಿಕದ ವರ್ಮಾಂಟಲ್ಲಿ ಲೀಸಾ ಲಿಂಡಾಲ್ ಅನ್ನೋರು ಓಡಕ್ಕೆ ಆಗೋ ಬ್ರಾ ಸಿಗದೆ, ಗೆಳತಿ ಪಾಲಿ ಸ್ಮಿತ್, ಆಮೇಲೆ ಜೊತೆಯಾದ ಹಿಂಡಾ ಮಿಲ್ಲರ್ ಜೊತೆ ಸೇರಿ, ಗಂಡಸರು ಆಟದಲ್ಲಿ ಆಸರೆಗೆ ಹಾಕೋ ಒಳ ಉಡುಪು, ಅಂದ್ರೆ ಎರಡು ಜಾಕ್‌ಸ್ಟ್ರ್ಯಾಪ್ ಜೋಡಿಸಿ ಹೊಲಿದು ಮೊದಲನೇದನ್ನ ಮಾಡಿದ್ರು. ಮೊದಲು ಅದನ್ನ ಜಾಕ್‌ಬ್ರಾ ಅಂದ್ರು, ಆಮೇಲೆ ಜಾಗ್‌ಬ್ರಾ. ಅವರು ಹೊಸದಾಗಿ ಸೇರಿಸಿದ್ದು ಮುಂದಿನ ಜಾಗ್, ಅಂದ್ರೆ ಓಟ, ಅಷ್ಟು ಮಾತ್ರ, ಬ್ರಾ ಹಾಗೇ ಉಳೀತು, ಆ ಬ್ರಾ ಬ್ರಾಸಿಯೇರ್ ಅನ್ನೋದರ ಮೊಟಕು, ಇಂಗ್ಲಿಷಿಗೆ ಫ್ರೆಂಚಿಂದ ಬಂದಿದ್ದು. ಹಳೇ ಫ್ರೆಂಚಲ್ಲಿ ಅದರ ಮೂಲ ತೋಳಿನ ಕಾಪು ಅನ್ನೋ ಅರ್ಥದ್ದು, ಈಗಿನ ಫ್ರೆಂಚರು ಸಾಮಾನ್ಯ ಬ್ರಾಗೆ ಬ್ರಾಸಿಯೇರ್ ಅನ್ನಲ್ಲ, ಅವರದ್ದು ಸುತ್ಯಾಂ ಗೋರ್ಜ್. ತೋಳಿಂದ ಎದೆಗೆ ಬಂದ ಪರಭಾಷೆ ಪದಾನ ಇಟ್ಕೊಂಡೇ ಇಂಗ್ಲಿಷಿನವರು ತಮ್ಮ ಪದ ಕಟ್ಟಿದ್ರು. ನಾವೂ "ಓಟದ" ಅಂತ ಮುಂದೆ ನಮ್ಮದನ್ನ ಸೇರಿಸ್ತಿದೀವಿ. ಇದೂ ಕಟ್ಟೋದೇ.

ನೀವು ಹೇಳಿದ್ರಲ್ಲಿ ಒಂದು ನನಗೆ ನಿಜವಾಗ್ಲೂ ಮುಖ್ಯ ಅನ್ಸಿತು, ಕ್ರಿಯಾಪದದ ಕಡೆ ಕನ್ನಡ ಉಳೀಬೇಕು. ಹೆಸರಲ್ಲಿ ಸಾಲ ಇರಲಿ, ಆದ್ರೆ ಕಂಪ್ರೆಸ್ ಮಾಡು, ಸಪೋರ್ಟ್ ಕೊಡು, ಬೌನ್ಸ್ ಆಗು ಅಂತ ಬರೆಯಲ್ಲ, ಅದಕ್ಕೆ ನಮ್ಮಲ್ಲಿ ಒತ್ತು, ಹಿಡಿ, ಕುಲುಕು, ಜಾರು, ಬಡಿ, ಎಳೆ ಎಲ್ಲಾ ಇದೆ. ಇದಕ್ಕಾಗಿ ಬೇಕಾದ್ರೆ ನಾನೂ ಜಗಳ ಆಡ್ತೀನಿ.

ಸಭ್ಯತೆ ವಿಷಯಾನೂ ಹೇಳಿಬಿಡ್ತೀನಿ. ಅಂಗಡಿಯ ಇಂಗ್ಲಿಷ್ ಕಾರ್ಡಲ್ಲಿ ನೇರವಾಗಿ ಬರೆದಿದೆ: ಮೊಲೆಯೊಳಗೆ ಸ್ನಾಯು ಇಲ್ಲ, ಅದನ್ನ ಹಿಡಿದಿರೋದು ಚರ್ಮ, ಮತ್ತೆ ಕೂಪರ್ ಲಿಗಮೆಂಟ್ ಅನ್ನೋ ತೆಳು ನಾರುಗಳು, ಓಡುವಾಗ ಅದು ಮೇಲೆ ಕೆಳಗೆ ಮಾತ್ರ ಅಲ್ಲ, ಪಕ್ಕಕ್ಕೂ, ಮುಂದೆ ಹಿಂದೆಗೂ ಅಲುಗುತ್ತೆ. ನಾನು ಮೊಲೆ ಅಂತಲೇ ಬರೀತೀನಿ. ತಾಯಂದಿರು, ದಾದಿಯರು ದಿನಾ ಆಡೋ ಮಾತು, ಅದನ್ನ ಎದೆ ಅಂತ ಬದಲಾಯಿಸಿದ್ರೆ ಪಕ್ಕೆಲುಬಿನ ವಿಷಯಾನೋ ಯಾವುದರ ವಿಷಯಾನೋ ಗೊತ್ತಾಗಲ್ಲ.

———
ಉತ್ತರ, ಮಲ್ಲೇಶ್ವರದಿಂದ

ಸ್ತನ ಅನ್ನಬಹುದಲ್ಲ.

———
ಉತ್ತರ, ವಿಜಯನಗರದಿಂದ

ದವಾಖಾನಿ ಬೋರ್ಡಿಗೆ ಅನ್ರಿ. ಅಂಗಡಿಯಾಗ ಬ್ಯಾಡ.

———
ಉತ್ತರ, ಮೊದಲು ಕೇಳಿದವಳಿಂದ

ಟೈಮ್ ಆಯ್ತು, ಕೊನೇ ಕರಡು ಹಾಕ್ತಿದೀನಿ, ಕಾಗುಣಿತ ತಪ್ಪಿದ್ರೆ ಮಾತ್ರ ಹೇಳಿ.

ಬೋರ್ಡು: ಜೇಬಿರುವ ಓಟದ ಬ್ರಾ.

ಕಾರ್ಡು: "ಮೊಲೆಗಳನ್ನು ಎದೆಗೆ ಒತ್ತಿ ಹಿಡಿಯುವ ಬ್ರಾ ಚಿಕ್ಕ ಸೈಜಿನವರಿಗೆ ಸಾಕಾಗಬಹುದು. ದೊಡ್ಡ ಸೈಜಿನವರು ಬೇರೆ ಬೇರೆ ಕಪ್ಪಿನಲ್ಲಿ ಹಿಡಿಯುವುದನ್ನು ಹಾಕಿ ನೋಡಿ, ಕುಲುಕಾಟ ಕಡಿಮೆ. ಫೋನು ಬೆನ್ನುಜೇಬಿಗೆ. ಕೀ, ಕಾರ್ಡು, ಜೆಲ್ ಮುಂಜೇಬಿಗೆ. ಕೊಳ್ಳುವ ಮೊದಲು ನಿಮ್ಮ ಫೋನನ್ನೇ ಜೇಬಿನಲ್ಲಿಟ್ಟು ನಿಂತಲ್ಲೇ ಓಡಿ ನೋಡಿ. ಫೋನು ಬೆನ್ನಿಗೆ ಬಡಿದರೆ, ಕೆಳಪಟ್ಟಿ ಮೇಲೇರಿದರೆ, ಪಟ್ಟಿ ಸಡಿಲ. ಪಟ್ಟಿಯೊಳಗೆ ಎರಡು ಬೆರಳು ತೂರಬೇಕು, ಕೈ ತೂರಬಾರದು. ಉಸಿರು ಪೂರ್ತಿ ಎಳೆಯಲು ಆಗದಿದ್ದರೆ ಬಿಗಿ ಹೆಚ್ಚಾಯಿತು."

ಇಂಗ್ಲಿಷ್ ಕಾರ್ಡಲ್ಲಿ ಇಲ್ಲದ ಒಂದು ಸಾಲು ನಾನೇ ಸೇರಿಸ್ತಿದೀನಿ, ಅಂಗಡಿಯವರೂ ಒಪ್ಪಿದಾರೆ. ಇಲ್ಲಿ ನಮ್ಮಲ್ಲಿ ತುಂಬಾ ಜನ ಬ್ರಾ ಮೇಲೆ ಟೀ ಶರ್ಟ್ ಹಾಕ್ಕೊಂಡೇ ಓಡೋದು, ಆಗ ಬೆನ್ನಿನ ಜೇಬಿಗೆ ಕೈ ಹೋಗೋದೇ ಕಷ್ಟ, ಅವಸರದಲ್ಲಿ ಫೋನ್ ಬೇಕು ಅಂದ್ರೆ ರಸ್ತೆ ಮಧ್ಯ ನಿಂತು ಶರ್ಟ್ ಎತ್ತಬೇಕು. ಅದಕ್ಕೆ: "ಟೀ ಶರ್ಟ್ ಹಾಕಿ ಓಡುವವರು ಅದನ್ನು ಹಾಕಿಕೊಂಡೇ ಜೇಬಿಗೆ ಕೈ ಎಟಕುತ್ತದೆಯೇ ನೋಡಿ. ಎಟಕದಿದ್ದರೆ ಪಕ್ಕದ ಜೇಬಿನದನ್ನು ಆರಿಸಿ."

———
ಉತ್ತರ, ಪೀಣ್ಯದಿಂದ

ಚೆನ್ನಾಗಿದೆ. ತೊಳೆಯೋದು ಬಿಟ್ಟಿದೀರ. ಕಂಫರ್ಟ್ ಥರದ ಸಾಫ್ಟ್‌ನರ್ ಹಾಕಬಾರದು, ಬಟ್ಟೆ ಬೆವರು ಹೀರೋದು ಕಡಿಮೆಯಾಗುತ್ತೆ. ಡ್ರೈಯರ್ ಬಿಸಿಗೆ ಎಲಾಸ್ಟಿಕ್ ಸಾಯುತ್ತೆ, ನೆರಳಲ್ಲಿ ಒಣಗಿಸಿ. ಪಟ್ಟಿ ಎಳೆದು ಬಿಟ್ರೆ ವಾಪಸ್ ಬರ್ತಿಲ್ಲ ಅಂದ್ರೆ ಆ ಬ್ರಾ ಓಟಕ್ಕೆ ಬೇಡ. ಜೇಬು ಖಾಲಿ ಮಾಡಿ ತೊಳೀಬೇಕು ಅಂತಲೂ ಹಾಕಿ, ಜೆಲ್ ಪ್ಯಾಕೆಟ್ ಒಡೆದ್ರೆ ಅಂಟು ಹೋಗಲ್ಲ.

———
ಉತ್ತರ, ಬಸವನಗುಡಿಯಿಂದ

ಬೆನ್ನುಜೇಬು, ಮುಂಜೇಬು ಎರಡೂ ಚೆನ್ನಾಗಿ ಕಟ್ಟಿದೀರಿ. ಬ್ರಾಗೆ ನನ್ನ ಒಪ್ಪಿಗೆ ಇಲ್ಲ.

———
ಉತ್ತರ, ಮೊದಲು ಕೇಳಿದವಳಿಂದ

ತೊಳೆಯೋ ಸಾಲುಗಳನ್ನ ಕಾರ್ಡಿನ ಹಿಂಬದಿಗೆ ಹಾಕಿದೆ. ಸಾಫ್ಟ್‌ನರಿಗೆ ಕನ್ನಡ ಹುಡುಕಲಿಲ್ಲ, "ಬಟ್ಟೆ ಮೆತ್ತಗಾಗಿಸುವ ದ್ರವ ಹಾಕಬೇಡಿ" ಅಂತ ಬಿಡಿಸಿ ಬರೆದಿದೀನಿ. ಫೈಲ್ ಪ್ರೆಸ್ಸಿಗೆ ಹೋಯ್ತು. ಎಲ್ಲರಿಗೂ ಥ್ಯಾಂಕ್ಸ್.