ಮುಂಭಾಗಕ್ಕೆ ಪೆಟ್ಟು ಬಿದ್ದ ಹಳೆಯ ವೆಸ್ಪಾ: ಮನೆಯಲ್ಲಿ ದುರಸ್ತಿ ಮಾಡಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 1960ರ ದಶಕದ ವೆಸ್ಪಾ ಸ್ಕೂಟರ್ ಒಂದು ನನ್ನ ಬಳಿಗೆ ಬಂದಿದೆ. ಬಿಡುವಿನ ವೇಳೆಯಲ್ಲಿ ಮನೆಯಲ್ಲಿಯೇ ಕೆಲಸ ಮಾಡಿ ಅದನ್ನು ಮತ್ತೆ ರಸ್ತೆಗಿಳಿಸಬೇಕೆಂಬುದು ನನ್ನ ಆಸೆ. ಹಿಂದೆ ಯಾವಾಗಲೋ ಮುಂಭಾಗಕ್ಕೆ ಬಲವಾದ ಪೆಟ್ಟು ಬಿದ್ದಿರುವಂತೆ ಕಾಣುತ್ತದೆ: ಹ್ಯಾಂಡಲಿನ ಕೆಳಗೆ ಶೀಲ್ಡ್ ಸುಕ್ಕುಗಟ್ಟಿದೆ, ಮುಂದಿನ ಚಕ್ರ ಸ್ವಲ್ಪ ಓರೆಯಾಗಿದೆ. ಫುಟ್‌ಬೋರ್ಡಿನ ರಬ್ಬರ್ ಪಟ್ಟಿಗಳನ್ನು ತೆಗೆದಾಗ ಕೆಳಗಿನ ತಗಡು ತುಕ್ಕು ಹಿಡಿದು ತೂತಾಗಿರುವುದು ತಿಳಿಯಿತು. ವರ್ಷಗಟ್ಟಲೆ ನಿಂತಿದ್ದರಿಂದ ಎಂಜಿನ್ ಜಾಮ್ ಆಗಿರಬೇಕು, ಏಕೆಂದರೆ ಕಿಕ್ಕರ್ ಕೆಳಗಿಳಿಯುವುದೇ ಇಲ್ಲ. ಬಣ್ಣ ಮಾಸಿದ್ದರೂ ಬಹುಪಾಲು ಮೂಲದ್ದೇ ಎಂದು ತೋರುತ್ತದೆ.

ಸ್ಪ್ಯಾನರ್ ಹಿಡಿದು ಮಾಡುವ ಕೆಲಸಗಳು ನನಗೆ ಬರುತ್ತವೆ, ಆದರೆ ವೆಲ್ಡಿಂಗ್ ಬರುವುದಿಲ್ಲ. ಮೊದಲು ಎಂಜಿನ್ ಓಡುವಂತೆ ಮಾಡಿಕೊಂಡು ಆಮೇಲೆ ಬಾಡಿಯ ಕೆಲಸಕ್ಕೆ ಕೈಹಾಕುವುದು ಸರಿಯೇ? ಇಡೀ ಬಾಡಿಯನ್ನು ಸ್ಯಾಂಡ್‌ಬ್ಲಾಸ್ಟ್ ಮಾಡಿಸಿ (ಮರಳನ್ನು ರಭಸವಾಗಿ ಹಾಯಿಸಿ ಹಳೆಯ ಬಣ್ಣ ತೆಗೆಸಿ) ಹೊಸ ಬಣ್ಣ ಹೊಡೆಸಬೇಕೇ? ಅನುಭವಿಗಳು ದಯವಿಟ್ಟು ತಿಳಿಸಿ.

ಉತ್ತರ 1

ಎಂಜಿನ್ ಕಾಯಲಿ, ಮೊದಲು ಬಾಡಿಯನ್ನು ನೋಡಿ. ಇದಕ್ಕೆ ಕಾರಣ ಈ ಸ್ಕೂಟರಿನ ವಿನ್ಯಾಸದಲ್ಲಿಯೇ ಇದೆ. ಪಿಯಾಜಿಯೊ ಕಂಪನಿ 1946ರಲ್ಲಿ ಹೊರತಂದ ವೆಸ್ಪಾವನ್ನು ರೂಪಿಸಿದ ಕೊರಾಡಿನೊ ದಸ್ಕಾನಿಯೊ ಅವರು ವಿಮಾನ ಮತ್ತು ಹೆಲಿಕಾಪ್ಟರ್‌ಗಳ ವಿನ್ಯಾಸದಲ್ಲಿ ಪಳಗಿದ್ದ ಎಂಜಿನಿಯರ್. ಅವರು ಕೊಳವೆಗಳ ಚೌಕಟ್ಟನ್ನು ಕೈಬಿಟ್ಟು, ಅಚ್ಚಿನಲ್ಲಿ ಒತ್ತಿದ ಉಕ್ಕಿನ ತಗಡುಗಳನ್ನು ಬೆಸೆದು, ಬಾಡಿಯೇ ಚಾಸಿಯೂ ಆಗುವಂತೆ ಮಾಡಿದರು. ಮರುವರ್ಷ ಬಂದ ಲ್ಯಾಂಬ್ರೆಟ್ಟಾದಲ್ಲಿ ಒಳಗೆ ಕೊಳವೆಯ ಚೌಕಟ್ಟು ಇರುವುದರಿಂದ ಅದರ ಶೀಲ್ಡನ್ನೂ ಫುಟ್‌ಬೋರ್ಡನ್ನೂ ಬೋಲ್ಟ್ ಬಿಚ್ಚಿ ಬದಲಿಸಬಹುದು. ನಿಮ್ಮ ವೆಸ್ಪಾದಲ್ಲಿ ಅದು ಸಾಧ್ಯವಿಲ್ಲ. ಫುಟ್‌ಬೋರ್ಡ್ ತೂತಾಗಿದೆ ಎಂದರೆ ಚಾಸಿಯೇ ತೂತಾಗಿದೆ ಎಂದು ತಿಳಿಯಬೇಕು.

ಆದ್ದರಿಂದ ಒಂದು ನಟ್ಟನ್ನೂ ಬಿಚ್ಚುವ ಮೊದಲು, ಸ್ಕೂಟರ್ ಇನ್ನೂ ಚಕ್ರಗಳ ಮೇಲೆ ನಿಂತಿರುವಾಗಲೇ ಅಳತೆ ಮಾಡಿ. ಹಿಂದಿನ ಚಕ್ರ ನೆಟ್ಟಗಿರುವಂತೆ ನಿಲ್ಲಿಸಿ, ಹಿಂದಿನಿಂದ ಕಣ್ಣಳತೆಯಲ್ಲಿ ನೋಡಿದರೆ ಎರಡೂ ಚಕ್ರಗಳು ಒಂದೇ ಸಮತಲದಲ್ಲಿ ಕಾಣಬೇಕು. ಎಂಜಿನ್ ಬೋಲ್ಟಿನ ರಬ್ಬರ್ ಬುಷ್‌ಗಳು ಸವೆದಿದ್ದರೆ ಹಿಂದಿನ ಚಕ್ರವೇ ವಾಲಿರುತ್ತದೆ. ಅದನ್ನು ಚಾಸಿಯ ದೋಷವೆಂದು ಭಾವಿಸಬೇಡಿ. ಅನಂತರ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕನ್ನು ಕೆಳಗಿಳಿಸಿ, ಅದರ ಕೊಳವೆಗೆ ನೇರವಾದ ಪಟ್ಟಿಯನ್ನು ಆನಿಸಿ ನೋಡಿ. ಫೋರ್ಕ್ ಮಾತ್ರ ಬಾಗಿದ್ದರೆ ನೀವು ಅದೃಷ್ಟವಂತರು, ಬೇರೊಂದು ಫೋರ್ಕ್ ಹಾಕಿದರಾಯಿತು. ಬಾಗಿದ್ದನ್ನೇ ಕಾಯಿಸಿ ನೆಟ್ಟಗೆ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಇಷ್ಟರ ಮೇಲೆ, ಫೋರ್ಕ್ ಹಾದುಹೋಗುವ ಚಾಸಿಯ ಕೊಳವೆ, ಅಂದರೆ ಹೆಡ್ ಟ್ಯೂಬಿನೊಳಗೆ ಉದ್ದನೆಯ ಸರಳನ್ನು ಬಿಗಿಯಾಗಿ ಕೂರಿಸಿ, ಮುಂದಿನಿಂದ ತೂಕದ ದಾರ ಇಳಿಬಿಟ್ಟು ಹೋಲಿಸಿ ನೋಡಿ. ಸರಳು ವಾಲಿದ್ದರೆ ಅಥವಾ ಶೀಲ್ಡಿನ ಸುಕ್ಕು ಫುಟ್‌ಬೋರ್ಡಿನ ನಡುವೆ ಉಬ್ಬಿರುವ ಸುರಂಗದವರೆಗೂ ಹರಡಿದ್ದರೆ, ಬಾಡಿಯನ್ನು ಸರಿಯಾದ ಅಳತೆಗೆ ಬಿಗಿದು ಹಿಡಿಯುವ ಜಿಗ್ ಇರುವ ಕಡೆಗೇ ಒಯ್ಯಬೇಕಾಗುತ್ತದೆ.

ಫುಟ್‌ಬೋರ್ಡಿನ ವೆಲ್ಡಿಂಗನ್ನು ತೆಳು ತಗಡಿನ ಕೆಲಸ ಬಲ್ಲವರಿಂದಲೇ ಮಾಡಿಸಿ. ಕೊಳೆತ ತಗಡನ್ನು ಕತ್ತರಿಸುವ ಮೊದಲು ಹೆಡ್ ಟ್ಯೂಬಿನಿಂದ ಸೀಟಿನ ಭಾಗಕ್ಕೆ ಕಬ್ಬಿಣದ ಪಟ್ಟಿಯೊಂದನ್ನು ತಾತ್ಕಾಲಿಕವಾಗಿ ಬೆಸೆದಿರಲೇಬೇಕು, ಇಲ್ಲದಿದ್ದರೆ ಬಾಡಿ ನಡುವಿನಲ್ಲಿ ಕುಸಿದು ಅಳತೆಯೇ ಕೆಡುತ್ತದೆ. ತೂತಿನ ಮೇಲೆ ತೇಪೆ ಹಾಕಿ ಪುಟ್ಟಿ ಬಳಿಯುವವರು ಸಿಗುತ್ತಾರೆ. ದಯವಿಟ್ಟು ಅವರಿಗೆ ಒಪ್ಪಿಸಬೇಡಿ, ಪುಟ್ಟಿಯ ಕೆಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ.

ಉತ್ತರ 2

ಬಾಡಿಯ ವಿಷಯದಲ್ಲಿ ಮೇಲಿನವರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ಎಂಜಿನ್ ಬಗ್ಗೆ ಮಾತ್ರ ಬರೆಯುತ್ತೇನೆ. ಕಿಕ್ಕರ್ ಇಳಿಯದಿದ್ದ ಮಾತ್ರಕ್ಕೆ ಪಿಸ್ಟನ್ ಹಿಡಿದುಕೊಂಡಿದೆ ಎಂದು ತೀರ್ಮಾನಿಸಬೇಡಿ. ಫ್ಯಾನ್ ಕವರ್ ತೆಗೆದು, ಸ್ಪಾರ್ಕ್ ಪ್ಲಗ್ ಬಿಚ್ಚಿ, ಮ್ಯಾಗ್ನೆಟ್ಟನ್ನು (ಎಂಜಿನ್ನಿನ ಪಕ್ಕದಲ್ಲಿ ತಿರುಗುವ ಆಯಸ್ಕಾಂತದ ಚಕ್ರ) ಕೈಯಿಂದ ಮೆಲ್ಲಗೆ ತಿರುಗಿಸಿ ನೋಡಿ. ಅದು ಸಲೀಸಾಗಿ ತಿರುಗಿದರೆ ದೋಷ ಕಿಕ್ಕರ್ ಗೇರಿನ ಕಡೆ ಇದೆ. ತಿರುಗದಿದ್ದರೆ ಪ್ಲಗ್ಗಿನ ತೂತಿನಿಂದ ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟು ಕೆಲವು ದಿನ ಹಾಗೆಯೇ ಬಿಡಿ. ಕಿಕ್ಕರ್ ಮೇಲೆ ನಿಂತು ಒತ್ತುವುದು ಬೇಡವೇ ಬೇಡ, ಒಳಗಿನ ಗೇರಿನ ಹಲ್ಲುಗಳು ಮುರಿಯುತ್ತವೆ.

ಬಲಪ್ರಯೋಗ ಬೇಡವೆನ್ನುವುದಕ್ಕೆ ಇನ್ನೂ ಮುಖ್ಯವಾದ ಕಾರಣವಿದೆ. 1960ರ ದಶಕದ ಬಹುತೇಕ ವೆಸ್ಪಾಗಳಲ್ಲಿ ಕ್ರ್ಯಾಂಕಿನ (ಪಿಸ್ಟನ್ನಿನ ಚಲನೆಯಿಂದ ತಿರುಗುವ ದಂಡ) ಒಂದು ಬದಿಯ ತಟ್ಟೆಯೇ ತಿರುಗುತ್ತಾ, ಕಾರ್ಬೊರೇಟರಿನಿಂದ ಬರುವ ದ್ವಾರವನ್ನು ತೆರೆದು ಮುಚ್ಚುತ್ತದೆ. ತಟ್ಟೆಗೂ ಎಂಜಿನ್ ಕೇಸಿನ ಮೇಲ್ಮೈಗೂ ನಡುವಿನ ಅಂತರ ಅತ್ಯಂತ ಕಡಿಮೆ. ಅಲ್ಲಿ ತುಕ್ಕಿನ ಚೂರೋ ಮರಳೋ ಸಿಕ್ಕಿ ಆಳವಾದ ಗೀರು ಬಿದ್ದರೆ, ಸಿಲಿಂಡರಿನ ಬೋರನ್ನು ಕೊರೆಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿದಷ್ಟು ಸುಲಭವಾಗಿ ಅದನ್ನು ಸರಿಪಡಿಸಲು ಆಗುವುದಿಲ್ಲ.

ಎಂಜಿನ್ ತಿರುಗಿದರೂ ಕೇಸ್ ಬಿಚ್ಚಿ ಕ್ರ್ಯಾಂಕಿನ ಎರಡೂ ಆಯಿಲ್ ಸೀಲುಗಳನ್ನು ಬದಲಿಸಿ. ಮ್ಯಾಗ್ನೆಟ್ ಬದಿಯ ಸೀಲ್ ಒಣಗಿ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಗಾಳಿ ಒಳನುಗ್ಗಿ, ಪೆಟ್ರೋಲಿನ ಪ್ರಮಾಣ ಕಡಿಮೆಯಾಗಿ, ಪಿಸ್ಟನ್ ಅತಿಯಾಗಿ ಕಾದು ಮತ್ತೆ ಹಿಡಿದುಕೊಳ್ಳುತ್ತದೆ. ಕ್ಲಚ್ ಬದಿಯದು ಸೋರಿದರೆ ಗೇರ್ ಆಯಿಲ್ ಉರಿದು ಬಿಳಿ ಹೊಗೆ ನಿಲ್ಲುವುದಿಲ್ಲ. ಮ್ಯಾಗ್ನೆಟ್ ತೆಗೆಯಲು ಪುಲ್ಲರ್ ಬಳಸಿ. ಸುತ್ತಿಗೆಯ ಪೆಟ್ಟಿಗೆ ನಡುವಿನ ರಿವೆಟ್‌ಗಳು ಸಡಿಲವಾಗುತ್ತವೆ. ಹಳೆಯ ಕಾಲದ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ, ಆ ಧೂಳನ್ನು ಗಾಳಿ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ.

ಉತ್ತರ 3

ಸ್ಯಾಂಡ್‌ಬ್ಲಾಸ್ಟ್ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ: ದಯವಿಟ್ಟು ಆತುರಪಡಬೇಡಿ. ಮೂಲ ಬಣ್ಣ ಒಮ್ಮೆ ಹೋದರೆ ಹೋಯಿತು, ಎಷ್ಟೇ ಒಳ್ಳೆಯ ಪೇಂಟರ್ ಆದರೂ ಅದನ್ನು ಮರಳಿ ತರಲಾರರು. ಮೊದಲು ಸೋಪಿನ ನೀರಿನಿಂದ ತೊಳೆದು, ಕಣ್ಣಿಗೆ ಬೀಳದ ಮೂಲೆಯಲ್ಲಿ ನಯವಾದ ಪಾಲಿಶ್ ಹಚ್ಚಿ ಪರೀಕ್ಷಿಸಿ. ಮಾಸಿದ ಪದರದ ಕೆಳಗೆ ಹೊಳಪು ಉಳಿದಿರುವುದುಂಟು. ವೆಲ್ಡಿಂಗ್ ಆಗುವ ಜಾಗದಲ್ಲಿ ಬಣ್ಣ ಸುಟ್ಟುಹೋಗುವುದು ಖಚಿತ, ಆದರೆ ಅಷ್ಟು ಭಾಗಕ್ಕೆ ಮಾತ್ರ ಎಪಾಕ್ಸಿ ಪ್ರೈಮರ್ ಮತ್ತು ಹೊಂದುವ ಬಣ್ಣ ಕೊಟ್ಟರೆ ಸಾಕು. ನನ್ನ ಅಭಿಪ್ರಾಯದಲ್ಲಿ, ಬದುಕಿದ್ದು ಕಾಣುವ ಗಾಡಿಗೆ ಹೊಸದರಂತೆ ಹೊಳೆಯುವ ಗಾಡಿಗಿಂತ ಹೆಚ್ಚಿನ ಘನತೆ ಇದೆ.

ಒರಟು ಮರಳಿನ ರಭಸಕ್ಕೆ ಅಗಲವಾದ ಸೈಡ್ ಡೋರುಗಳ ತಗಡು ಡೊಂಕಾಗುತ್ತದೆ. ಸುರಂಗದೊಳಗೆ ಉಳಿದ ಮರಳು ಕೇಬಲ್ಲುಗಳಿಗೂ ಬೇರಿಂಗುಗಳಿಗೂ ಸೇರುತ್ತದೆ. ಯಾವ ವಿಧಾನ ಅನುಸರಿಸಿದರೂ ಚಾಸಿ ಸಂಖ್ಯೆಯನ್ನು ಉಜ್ಜಬೇಡಿ, ಅದರ ಮೇಲೆ ದಪ್ಪ ಪ್ರೈಮರ್ ಹೊಡೆಯಲೂ ಬಿಡಬೇಡಿ. ಗಾಡಿಯ ದಾಖಲೆಗಳಿಗೆ ಮುಖ್ಯ ಆಧಾರ ಅದೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಅಳತೆ ಮಾಡಿದೆ: ಫೋರ್ಕ್ ಬಾಗಿದೆ, ಹೆಡ್ ಟ್ಯೂಬ್ ನೆಟ್ಟಗಿದೆ, ಶೀಲ್ಡಿನ ಸುಕ್ಕು ಸುರಂಗದವರೆಗೆ ಹೋಗಿಲ್ಲ. ಮ್ಯಾಗ್ನೆಟ್ ತಿರುಗಲಿಲ್ಲ, ಎಣ್ಣೆ ಬಿಟ್ಟಿದ್ದೇನೆ. ಬಣ್ಣವನ್ನು ಉಳಿಸಿಕೊಳ್ಳುವುದೆಂದು ನಿರ್ಧರಿಸಿದೆ. ಇನ್ನು ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು ಇದೆ, ಚಕ್ರಗಳನ್ನೂ ಬಿಚ್ಚಬೇಕಾಗಿದೆ. ಗಮನಿಸಬೇಕಾದ್ದು ಏನಾದರೂ ಇದೆಯೇ?

ಉತ್ತರ 1

ಒಳ್ಳೆಯ ಸುದ್ದಿ. ಟ್ಯಾಂಕನ್ನು ಸಿಟ್ರಿಕ್ ಆಮ್ಲದ ದ್ರಾವಣದಿಂದ ತುಂಬಿಸಿಟ್ಟು, ತುಕ್ಕು ಕರಗಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು ತಕ್ಷಣ ಒಣಗಿಸಿ, ಒಳಗೆಲ್ಲ ಟೂ-ಸ್ಟ್ರೋಕ್ ಆಯಿಲ್ ಆಡಿಸಿ. ಖಾಲಿ ಟ್ಯಾಂಕಿನಲ್ಲಿಯೂ ಪೆಟ್ರೋಲಿನ ಆವಿ ಉಳಿದಿರುವುದರಿಂದ ಅದರ ಹತ್ತಿರ ಬೆಂಕಿ, ಕಿಡಿ ಸುಳಿಯಕೂಡದು.

ಚಕ್ರದ ವಿಷಯದಲ್ಲಿ ಬಹಳ ಎಚ್ಚರ ಬೇಕು. ವೆಸ್ಪಾದ ರಿಮ್ ಎರಡು ಹೋಳುಗಳನ್ನು ನಟ್‌ಗಳಿಂದ ಜೋಡಿಸಿ ಮಾಡಿದ್ದು. ಟ್ಯೂಬಿನಲ್ಲಿ ಗಾಳಿ ಇರುವಾಗ ಹೋಳುಗಳನ್ನು ಹಿಡಿದಿರುವ ನಟ್‌ಗಳನ್ನು ಸಡಿಲಿಸಿದರೆ ರಿಮ್ ಸಿಡಿದು ಕೈಯೋ ಮುಖವೋ ಹೋಗಬಹುದು. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಹೋದ ಮೇಲಷ್ಟೇ ಸ್ಪ್ಯಾನರ್ ಹಚ್ಚಿ.

ಹೊಸ ಫೋರ್ಕ್ ಬಂದು ಫುಟ್‌ಬೋರ್ಡಿನ ವೆಲ್ಡಿಂಗ್ ಮುಗಿದ ನಂತರ, ಬಣ್ಣ ಮುಟ್ಟಿಸುವ ಮುನ್ನ, ಹ್ಯಾಂಡಲ್, ಸ್ಟ್ಯಾಂಡ್, ಬ್ರೇಕ್ ಪೆಡಲ್, ರಬ್ಬರ್ ಪಟ್ಟಿಗಳು ಎಲ್ಲವನ್ನೂ ಒಮ್ಮೆ ಜೋಡಿಸಿ ನೋಡಿ. ಹೊಸ ತಗಡಿನಲ್ಲಿ ತೂತುಗಳು ಮಿಲಿಮೀಟರುಗಳಷ್ಟು ಆಚೀಚೆ ಇರುವುದು ಸಾಮಾನ್ಯ. ಅವುಗಳನ್ನು ಬರಿಯ ಲೋಹದ ಮೇಲೆ ಸರಿಮಾಡಿಕೊಂಡರೆ ಮುಂದೆ ಹೊಸ ಬಣ್ಣದ ಮೇಲೆ ಡ್ರಿಲ್ ಓಡಿಸುವ ಪ್ರಮೇಯ ಬರುವುದಿಲ್ಲ.