ಡೇಗೆ ನೀರಿಗೆ ಬಿದ್ದ ಸುದ್ದಿ, ಮನೆ ಗ್ರೂಪಿನಲ್ಲಿ

ಸರೋಜ: [ಫಾರ್ವರ್ಡ್] ಎಚ್ಚರಿಕೆ!! ಡೇಗೆ ಎಂಬ ಬೇಟೆಹಕ್ಕಿಯನ್ನು ಪಳಗಿಸಿ ಕಾಡುಬಾತು ಬೇಟೆಯಾಡುವವರೇ, ಸಾವು ನಿಮ್ಮ ಕೈಮೇಲೇ ಕೂತಿದೆ! ಬಾತು ಮುಟ್ಟಿದ ಡೇಗೆ, ಡೇಗೆ ಮುಟ್ಟಿದ ಮನುಷ್ಯ, ಇಬ್ಬರಿಗೂ ಹಕ್ಕಿಜ್ವರ ಖಚಿತ. ವೈದ್ಯರು ಮುಚ್ಚಿಟ್ಟ ಸತ್ಯ. ನಿಮ್ಮವರಿಗೆಲ್ಲ ಕಳಿಸಿ.

ಸರೋಜ: ಪ್ರಣವ್, ಡೇಗೆ ಬೇಟೆ ಕಲೀತಿದ್ದೀಯಲ್ಲ, ಇದನ್ನ ಓದು. ಫೋನ್ ಅಂತೂ ಎತ್ತಲ್ಲ ನೀನು.

ವಿನಯ್: ಚಿಕ್ಕಮ್ಮ, ಇದು ಎಲ್ಲಿಂದ ಬಂತು? ಯಾವ ವೈದ್ಯರು, ಯಾವ ವರ್ಷ? ಅದರ ಜೊತೆಗಿರೋ ಫೋಟೋದಲ್ಲಿರೋದು ಡೇಗೆನೇ ಅಲ್ಲ, ಹದ್ದು.

ದೊಡ್ಡಪ್ಪ: ಹಾರೋ ಹಕ್ಕಿಯ ಕಾಲಿಗೆ ಪಟ್ಟಿ ಬಿಗಿದು, ಕಣ್ಣಿಗೆ ಟೊಪ್ಪಿಗೆ ಹಾಕಿ, ಅದರ ಕೈಲಿ ಇನ್ನೊಂದು ಹಕ್ಕೀನ ಕೊಲ್ಲಿಸೋದು ಅದೆಂಥ ವಿನೋದ? ಮಾಡಿದ್ದುಣ್ಣೋ ಮಹರಾಯ ಅಂತ ಹಿರಿಯರು ಸುಮ್ನೆ ಹೇಳಿಲ್ಲ.

ವಿನಯ್: ದೊಡ್ಡಪ್ಪ, ಅದು ಬೇರೆ ಪ್ರಶ್ನೆ. ಮೊದಲು ಈ ಮೆಸೇಜ್ ನಿಜವಾ ಸುಳ್ಳಾ?

ದೊಡ್ಡಪ್ಪ: ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ಕಷಾಯದ ವಿಷಯ ಹಾಕಿದಾಗಲೂ ಇದೇ ರಾಗ. ಎಲ್ಲರ ಮುಂದೆ ನನ್ನ ಮಾನ ಕಳೆದೆ.

ಮಾಲಾ: ಆವಾಗ ದೊಡ್ಡಪ್ಪ ಗ್ರೂಪ್ ಬಿಟ್ಟು ಹೋಗಿ, ಅಜ್ಜಿ ಹೇಳಿದ ಮೇಲೆ ವಾಪಸ್ ಬಂದ್ರು 😄

ದೊಡ್ಡಪ್ಪ: ನಗೋ ವಿಷಯ ಅಲ್ಲಮ್ಮ ಅದು.

ವಿನಯ್: ಹಕ್ಕಿಜ್ವರ ಇಲ್ಲ ಅಂತ ನಾನು ಹೇಳ್ತಿಲ್ಲ. ಈಗಿನ ಹಕ್ಕಿಜ್ವರದ ವೈರಸ್ ಎಚ್5ಎನ್1 ತಳಿಯ ಮೂಲ 1996ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಸಾಕಿದ ಹೆಬ್ಬಾತಿನಲ್ಲಿ ಸಿಕ್ತು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನಕ್ಕೆ ತಗುಲಿ 6 ಜನ ತೀರಿಕೊಂಡರು. ಆದರೆ ಮುಟ್ಟಿದರೆ ಖಚಿತ ಅನ್ನೋದು ಶುದ್ಧ ಸುಳ್ಳು. ಮನುಷ್ಯರಿಗೆ ತಗುಲೋದು ಅಪರೂಪ. ತಗುಲಿದರೆ ಗಂಭೀರ.

ಸರೋಜ: ಗಂಭೀರ ಅಂತ ನೀನೇ ಒಪ್ಕೊಂಡ್ಯಲ್ಲ. ನಾನು ಹೇಳಿದ್ದೂ ಅದನ್ನೇ.

ಮಾಲಾ: ಹಕ್ಕಿ ಅಂದ್ರೆ ನನಗೆ ನಮ್ಮ ಹಳೇ ಗಿಣಿನೇ ನೆನಪು. ಅಜ್ಜಿ ಕೆಮ್ಮಿದ್ರೆ ಅದೂ ಕೆಮ್ಮೋದು. ವಿನಯಣ್ಣ ಪಂಜರದ ಬಾಗಿಲು ತೆಗೆದಿಟ್ಟು ತಪ್ಪು ನನ್ನ ತಲೆಗೆ ಕಟ್ಟಿದ್ದ.

ವಿನಯ್: ಕೊಕ್ಕೆ ಸಡಿಲ ಇತ್ತು. ಎಷ್ಟು ಸಲ ಹೇಳ್ಬೇಕು?

ಮಾಲಾ: ಪುರಾವೆ ಇದ್ಯಾ? 🙏

ಪ್ರಣವ್: ಎಲ್ಲರಿಗೂ ನಮಸ್ಕಾರ. ಅಮ್ಮ, ಆ ಮೆಸೇಜ್ ಬರೆದೋರು ಅಪಾಯ ಯಾರಿಗೆ ಅನ್ನೋದನ್ನೇ ತಲೆಕೆಳಗು ಮಾಡಿದ್ದಾರೆ. ಜಾಸ್ತಿ ಸಾಯೋದು ಡೇಗೆ. ಕಾಡುಬಾತು ವೈರಸ್ ಹೊತ್ಕೊಂಡೇ ಆರಾಮಾಗಿ ಈಜಾಡ್ತಿರತ್ತೆ. ಅದನ್ನ ತಿಂದ ಡೇಗೆ ಕೆಲವೇ ದಿನದಲ್ಲಿ ಹೋಗಿಬಿಡಬಹುದು. ಮಾಂಸ ಫ್ರೀಜರ್‌ನಲ್ಲಿಟ್ಟರೂ ವೈರಸ್ ಸಾಯಲ್ಲ. ಸುತ್ತಮುತ್ತ ಜ್ವರ ಇದೆ ಅಂತ ಗೊತ್ತಾದ್ರೆ ನಮ್ಮ ಗುರುಗಳು ಬಾತಿನ ಮೇಲೆ ಡೇಗೆ ಬಿಡೋದೇ ಇಲ್ಲ.

ಸರೋಜ: ಜ್ವರ ಹಾಗಿರಲಿ. ಡೇಗೆ ನೀರಿಗೆ ಬಿತ್ತಂತೆ, ನೀನೂ ಆ ಚಳೀಲಿ ನೀರಿಗಿಳಿದ್ಯಂತೆ. ನನಗೆ ಯಾಕೆ ಹೇಳಲಿಲ್ಲ?

ಪ್ರಣವ್: ಯಾರು ಹೇಳಿದ್ದು?

ಪ್ರಣವ್: ಮಾಲಕ್ಕ???

ಮಾಲಾ: ಮಾತಿಗೆ ಮಾತು ಬಂತು ಕಣೋ. ಚಿಕ್ಕಮ್ಮ ಅಳ್ತಾ ಇದ್ರು.

ಪ್ರಣವ್: ಯಾರಿಗೂ ಹೇಳ್ಬೇಡ ಅಂತ ಎರಡು ಸಲ ಹೇಳಿದ್ದೆ.

ದೊಡ್ಡಪ್ಪ: ತಾಯಿಯಿಂದ ಮುಚ್ಚಿಡೋ ಕೆಲಸ ಮಾಡಲೇಬಾರದು. ಅವಳ ಮೇಲೆ ಯಾಕೆ ರೇಗ್ತೀಯ?

ವಿನಯ್: ಪ್ರಣವ್, ಏನಾಯ್ತು ಅಂತ ಸರಿಯಾಗಿ ಬರಿ. ಇವರವರ ಬಾಯಿಂದ ಕೇಳೋದು ಬೇಡ.

ಪ್ರಣವ್: ಡೇಗೆ ಮೇಲೆ, ಚುಕ್ಕಿಯಷ್ಟು ಕಾಣೋ ಎತ್ತರದಲ್ಲಿ ಸುತ್ತುತ್ತಿರತ್ತೆ. ಆಮೇಲೆ ನಾವು ಕೊಳದ ಬಾತುಗಳನ್ನ ಎಬ್ಬಿಸ್ತೀವಿ. ಅವು ನೀರು ದಾಟಿ ನೆಲದ ಮೇಲೆ ಬಂದಾಗಲೇ ಡೇಗೆ ಎರಗಬೇಕು. ಎರಗೋ ವೇಗ ಗಂಟೆಗೆ 300 ಕಿ.ಮೀ. ಮೀರಬಹುದು. ಅವತ್ತು ಒಂದು ಬಾತು ಹೆದರಿ ಗಕ್ಕನೆ ಕೊಳಕ್ಕೇ ತಿರುಗಿತು. ಡೇಗೆ ಬಿಡಲಿಲ್ಲ, ದಡದ ಹತ್ತಿರ ಹಿಡೀತು, ಎರಡೂ ನೀರಿಗೆ ಬಿದ್ವು. ಬಾತಿನ ಗರಿಗೆ ನೀರು ಅಂಟಲ್ಲ, ಡೇಗೆ ಗರಿ ನೆನೆದು ಭಾರ ಆಗತ್ತೆ. ಹಿಡಿದ ಉಗುರನ್ನಂತೂ ಅದು ಸಡಿಲಿಸಲ್ಲ. ರೆಕ್ಕೆ ಅಗಲಿಸಿ ನೀರಿನ ಮೇಲೆ ಬಡೀತಾ, ತಲೆ ಎತ್ತಿ, ಬಾತನ್ನ ಎಳ್ಕೊಂಡೇ ದಡದ ಕಡೆ ಬರ್ತಿತ್ತು. ಜೊಂಡಿಗೆ ಸಿಕ್ಕಿ ನಿಂತ್ಬಿಡ್ತು. ಮೊಣಕಾಲು ನೀರು ಅಷ್ಟೆ, ನಾನು ಇಳಿದೆ. ಗುರುಗಳು ದಡದಲ್ಲೇ ಇದ್ರು.

ಸರೋಜ: ಮೊಣಕಾಲಲ್ಲ, ಸೊಂಟದವರೆಗೆ ಅಂತ ಮಾಲ ಹೇಳಿದ್ಲು.

ಮಾಲಾ: ಚಿಕ್ಕಮ್ಮ!!

ವಿನಯ್: ಉದ್ದ ಬೂಟೊಳಗೆ ನೀರು ತುಂಬಿದ್ರೆ ಮೊಣಕಾಲು ನೀರಲ್ಲೂ ಮುಗ್ಗರಿಸ್ತೀಯ. ಈ ವಿಷಯದಲ್ಲಿ ನಾನು ಚಿಕ್ಕಮ್ಮನ ಕಡೆ.

ಸರೋಜ: ಥ್ಯಾಂಕ್ಸ್ ವಿನಯ್. ಜೀವನದಲ್ಲಿ ಮೊದಲ ಸಲ.

ದೊಡ್ಡಪ್ಪ: ಆ ಬಾತು ಏನಾಯ್ತು? ಅದನ್ನ ಯಾರೂ ಕೇಳಲಿಲ್ಲ.

ಪ್ರಣವ್: ಸತ್ತಿತ್ತು ದೊಡ್ಡಪ್ಪ. ಲಾವಕ್ಕಿ ಮಾಂಸ ತೋರಿಸಿ ಡೇಗೆಯಿಂದ ಬಿಡಿಸ್ಕೊಂಡ್ವಿ. ಕುಯ್ದಾಗ ಎದೆ ಮಾಂಸದಲ್ಲಿ ಹಳೇ ಚರೆ, ಅಂದ್ರೆ ಬಂದೂಕಿನ ಸಣ್ಣ ಗುಂಡು, ಸಿಕ್ತು. ಯಾವತ್ತೋ ಯಾರೋ ಬಂದೂಕು ಹೊಡೆದು ತಪ್ಪಿಸ್ಕೊಂಡಿದ್ದ ಬಾತು ಅದು. ಅದು ಸೀಸದ ಚರೆ ಆಗಿದ್ದು, ಡೇಗೆ ನುಂಗಿದ್ರೆ ಹೊಟ್ಟೆಯ ಆಮ್ಲಕ್ಕೆ ಕರಗಿ ರಕ್ತಕ್ಕೆ ಸೇರತ್ತೆ. ಕಾಲಿನ ಹಿಡಿತ ಹೋಗತ್ತೆ, ಮಲ ಹಸಿರಾಗತ್ತೆ, ಕೈಮೇಲೆ ನಿಲ್ಲೋಕೂ ಆಗಲ್ಲ. ಅಮೆರಿಕದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆ 1991ರಿಂದ ನಿಷೇಧ. ಎಲ್ಲ ಕಡೆ ಹಾಗಿಲ್ಲ. ಅದಕ್ಕೇ ಆ ಬಾತನ್ನ ಡೇಗೆಗೆ ತಿನ್ನಿಸಲೇ ಇಲ್ಲ.

ದೊಡ್ಡಪ್ಪ: ಗುಂಡು ತಿಂದು ಬದುಕಿದ್ದ ಜೀವ. ಅದನ್ನ ನೀವು ಮುಗಿಸಿದ್ರಿ.

ಪ್ರಣವ್: ನಿಮ್ಮ ಈ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ ದೊಡ್ಡಪ್ಪ.

ವಿನಯ್: ತಂತಿಬೇಲಿ, ವಿದ್ಯುತ್ ತಂತಿ ಇಂಥ ಅಪಾಯಗಳು ಡೇಗೆಗೆ ಇಲ್ವಾ?

ಪ್ರಣವ್: ಅವೂ ಇವೆ. ತಗ್ಗಿನಲ್ಲಿ ಅಟ್ಟಿಸ್ಕೊಂಡು ಹೋಗುವಾಗ ಡೇಗೆ ಕಣ್ಣು ಬಾತಿನ ಮೇಲಿರತ್ತೆ, ತಂತಿ ಕಾಣಲ್ಲ. ನೆಲದಲ್ಲಿ ಬೇಟೆ ಮೇಲೆ ಕೂತಾಗ ದೊಡ್ಡ ಹದ್ದು ಬಂದು ಎತ್ಕೊಂಡು ಹೋಗಬಹುದು. ಕತ್ತಲಾದರೂ ಸಿಗದಿದ್ದರೆ ಗೂಬೆ ಕಾಟ. ಡೇಗೆ ಎಲ್ಲಿದೆ ಅಂತ ತೋರಿಸೋ ಟ್ರಾನ್ಸ್‌ಮಿಟರ್ ಕಟ್ಟದೆ ಹಾರಿಸೋದೇ ಇಲ್ಲ.

ಮಾಲಾ: ಗಿಣಿಗೂ ಒಂದು ಕಟ್ಟಿದ್ರೆ ಚೆನ್ನಾಗಿತ್ತು.

ವಿನಯ್: ಮಾಲಾ, ಸಾಕು.

ಸರೋಜ: ಪ್ರಣವ್, ನೀರಿಗೆ ಇಳಿಯಲ್ಲ ಅಂತ ಎಲ್ಲರ ಮುಂದೆ ಬರಿ.

ಪ್ರಣವ್: ಒಬ್ಬನೇ ಇಳಿಯಲ್ಲ ಅಮ್ಮ.

ಸರೋಜ: ಒಬ್ಬನೇ ಅನ್ನೋ ಪದ ತೆಗಿ.

ಪ್ರಣವ್: ಅದನ್ನ ತೆಗೆಯೋಕಾಗಲ್ಲ. ಮುಳುಗ್ತಾ ಇದ್ರೆ ನೋಡ್ತಾ ನಿಲ್ಲೋಕೆ ನನ್ನ ಕೈಲಿ ಆಗಲ್ಲ.

ವಿನಯ್: ಹಂಗಾದ್ರೆ ತೇಲೋ ಜಾಕೆಟ್ ಹಾಕ್ಕೋ, ಹಗ್ಗ ಇಟ್ಕೋ, ದಡದಲ್ಲಿ ಇನ್ನೊಬ್ಬರು ಇರಲೇಬೇಕು. ಜೊಂಡು ಬೆಳೆದ ಕೊಳಕ್ಕೆ ಹೋಗ್ಲೇಬೇಡ. ಚಿಕ್ಕಮ್ಮ, ಆ ಫಾರ್ವರ್ಡ್ ಡಿಲೀಟ್ ಮಾಡಿ.

ಸರೋಜ: ಆಗಲೇ ನಮ್ಮ ಭಜನೆ ಗ್ರೂಪಿಗೂ ಹೋಗಿದೆ. ಪ್ರಣವ್, ಈಗ ಫೋನ್ ಎತ್ತು, ರಿಂಗ್ ಆಗ್ತಿದೆ.