ಮಕ್ಕಳ ಹಾಕಿ ಮ್ಯಾಚ್ ರೆಕಾರ್ಡ್ ಮಾಡಲು ಯಾವ ಕ್ಯಾಮೆರಾ?

ಗೋಣಿಕೊಪ್ಪಲು:
ಮಗಳು 14 ವರ್ಷದೊಳಗಿನವರ ಟೀಮಿನಲ್ಲಿ ಆಡುತ್ತಾಳೆ. ಇಡೀ ಮ್ಯಾಚ್ ರೆಕಾರ್ಡ್ ಮಾಡಿ ಕೋಚ್‌ಗೆ ಕೊಡಬೇಕು. ಮೊಬೈಲಿನಲ್ಲಿ ಆಚೆ ಬದಿಯ ಚೆಂಡೇ ಕಾಣುವುದಿಲ್ಲ. ಹ್ಯಾಂಡಿಕ್ಯಾಮ್ ತಗೊಳ್ಳುವುದಾ, ಲೆನ್ಸ್ ಬದಲಿಸುವ ಮಿರರ್‌ಲೆಸ್ ಕ್ಯಾಮೆರಾನಾ? ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ.

ಸೋಮವಾರಪೇಟೆ:
ಹ್ಯಾಂಡಿಕ್ಯಾಮೇ ಸರಿ ಸರ್. ಹಾಕಿ ಮೈದಾನ 91.4 ಮೀಟರ್ ಉದ್ದ, 55 ಅಗಲ. ಸೈಡ್‌ಲೈನಿನ ನಟ್ಟನಡುವೆ ನಿಂತರೂ ಎದುರಿನ ಮೂಲೆ 70 ಮೀಟರ್ ದಾಟುತ್ತದೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ಡಿಜಿಟಲ್ ಝೂಮ್ ಲೆಕ್ಕಕ್ಕೇ ಬೇಡ, ಅದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೆ. ಆಪ್ಟಿಕಲ್ ಝೂಮ್, ಅಂದರೆ ಲೆನ್ಸೇ ದೂರದ್ದನ್ನು ಹತ್ತಿರ ತರುವುದು, 20 ಎಕ್ಸ್ ಇದೆಯಾ ಕೇಳಿ. ಮಿರರ್‌ಲೆಸ್‌ಗೆ ಅಷ್ಟು ಝೂಮ್ ಬೇಕಂದ್ರೆ ಭಾರದ ಲೆನ್ಸ್ ಬೇರೆ ಕೊಳ್ಳಬೇಕು. ಹಳೆಯ ಹಲವು ಮಿರರ್‌ಲೆಸ್ ಮಾಡೆಲ್‌ಗಳು 29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ನಿಲ್ಲಿಸಿಬಿಡುತ್ತವೆ. ಓಡುವ ಚೆಂಡಿಗೆ 4ಕೆಯಲ್ಲಿ ಸೆಕೆಂಡಿಗೆ 25 ಫ್ರೇಮಿಗಿಂತ (ಚಿತ್ರಕ್ಕಿಂತ), ಸ್ಪಷ್ಟತೆ ಕಮ್ಮಿಯಾದರೂ 1080ರಲ್ಲಿ 50 ಫ್ರೇಮ್ ಒಳ್ಳೆಯದು.

ವಿರಾಜಪೇಟೆ:
ಟ್ರೈಪಾಡ್‌ಗೂ ದುಡ್ಡು ಎತ್ತಿಡಿ. ನಯವಾಗಿ ತಿರುಗುವ ಫ್ಲೂಯಿಡ್ ಹೆಡ್ ಇಲ್ಲದಿದ್ದರೆ ಕ್ಯಾಮೆರಾ ತಿರುಗಿಸುವಾಗ ಜಗ್ಗಿ ಜಗ್ಗಿ ಹೋಗುತ್ತದೆ. ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ಇಡಿ, ಸೂರ್ಯ ಬೆನ್ನಿಗಿರಲಿ. ನೆಲಮಟ್ಟದಲ್ಲಿ ಆಟಗಾರರು ಒಬ್ಬರ ಹಿಂದೊಬ್ಬರು ಮರೆಯಾಗಿ, ಪಾಸ್ ಯಾವ ಸಂದಿನಲ್ಲಿ ಹೋಯಿತೆಂದು ಕೋಚ್‌ಗೆ ತಿಳಿಯುವುದೇ ಇಲ್ಲ. ತಂತಿ ಬಲೆಯ ಹಿಂದೆ ನಿಲ್ಲಲೇಬೇಕಾದರೆ ಲೆನ್ಸನ್ನು ಬಲೆಯ ಕಣ್ಣಿಗೇ ತಾಗಿಸಿ, ದೂರವಿದ್ದರೆ ಆಟೊಫೋಕಸ್ ಬಲೆಯನ್ನೇ ಹಿಡಿಯುತ್ತದೆ.

ಹಗಲು ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/500 ಸೆಕೆಂಡ್. ಫ್ಲಡ್‌ಲೈಟಿನಲ್ಲಿ 1/100ಕ್ಕೆ ಇಳಿಸಿ: ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಶಟರ್ ಅದಕ್ಕೆ ಹೊಂದದಿದ್ದರೆ ವಿಡಿಯೊ ಪೂರ್ತಿ ಫ್ಲಿಕರ್.

ಚೆಂಡಿನ ಬೆನ್ನು ಹತ್ತಿ ಝೂಮ್ ಓಡಿಸಬೇಡಿ. ಪೆನಾಲ್ಟಿ ಕಾರ್ನರ್‌ನಲ್ಲಿ ಗೆರೆಯ ಹಿಂದಿನ ಐವರು ಡಿಫೆಂಡರ್‌ಗಳು, ಚೆಂಡು ಪುಶ್ ಮಾಡುವವಳು, ಡಿ (ಗೋಲಿನ ಮುಂದಿನ ಅರ್ಧವೃತ್ತ) ಅಂಚಿನಲ್ಲಿ ಅದನ್ನು ನಿಲ್ಲಿಸುವವಳು, ಎಲ್ಲರೂ ಒಂದೇ ಫ್ರೇಮಿನಲ್ಲಿರಬೇಕು. ಯಾರು ಯಾವಾಗ ಓಡಿದರು ಅನ್ನುವುದೇ ಅಲ್ಲಿ ಪಾಠ.

ಗೋಣಿಕೊಪ್ಪಲು:
ಥ್ಯಾಂಕ್ಸ್. ಕಾರ್ಡ್ ಎಷ್ಟರದ್ದು? ಸೆಕೆಂಡ್ ಹ್ಯಾಂಡ್‌ನಲ್ಲಿ ಏನು ನೋಡಬೇಕು?

ಸೋಮವಾರಪೇಟೆ:
ಸೆಕೆಂಡಿಗೆ 50 ಮೆಗಾಬಿಟ್ ಇಟ್ಟರೆ ಗಂಟೆಗೆ ಸುಮಾರು 22 ಜಿಬಿ. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್, ನಡುವಿನ ಬಿಡುವು ಸೇರಿದರೂ 64 ಜಿಬಿ ಸಾಕು. ಬ್ಯಾಟರಿ ಎರಡಿರಲಿ.

ಸೆಕೆಂಡ್ ಹ್ಯಾಂಡ್ ಅಂದರೆ ಮೊದಲು ಫಂಗಸ್ ನೋಡಿ, ನಮ್ಮ ಕೊಡಗಿನ ಮಳೆಗಾಲದ ತೇವಕ್ಕೆ ಅದು ಬೇಗ ಹಿಡಿಯುತ್ತದೆ. ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಡಿ. ಒಳಗೆ ಜೇಡರ ಬಲೆಯಂಥ ಎಳೆ ಕಂಡರೆ ಎಷ್ಟೇ ಕಮ್ಮಿಗೆ ಕೊಟ್ಟರೂ ಬೇಡ. ಆಮೇಲೆ ಪೂರ್ತಿ ಝೂಮ್ ಮಾಡಿ ದೂರದ ಬೋರ್ಡ್ ಹಿಡಿದು ನೋಡಿ, ಅಕ್ಷರ ನಿಲ್ಲಬೇಕು. ತಂದ ಮೇಲೆ ಬ್ಯಾಗಿನಲ್ಲೇ ಬಿಡಬೇಡಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಜೆಲ್ ಬಣ್ಣ ತಿರುಗಿದರೆ ಒಣಗಿಸಿ ಮತ್ತೆ ಹಾಕಿ.